ಜಪಾನಿನ ಮರವಂತೆ!

ಪಾರ್ಕಿನಲ್ಲಿ ಇನ್ನು ಯಾರ ತಂಟೆಗೂ ಹೋಗುವುದಿಲ್ಲ ಎಂದು ಹೊಸ ವರ್ಷದ ದಿನ ಇಲ್ಲೇ ಘೋಷಿಸಿದ್ದೆನಲ್ಲ? ಆ ಶಪಥ ಫೆಬ್ರವರಿ ದಾಟಲಿಲ್ಲ. ಇವತ್ತು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಮತ್ತೆ ಬಾಯಿ ಹಾಕಿ ಬಂದಿದ್ದೇನೆ.

ಗುಲಾಬಿ ತಬೆಬುಯಾ ಮರದ ಕೆಳಗೆ ನಾಲ್ವರ ಗುಂಪು. ಒಬ್ಬ ತಗ್ಗಿನ ಕೊಂಬೆ ಹಿಡಿದು ಜಗ್ಗುತ್ತಿದ್ದಾನೆ, ಹೂವು ಉದುರುತ್ತಿದೆ, ಅದರಡಿ ಒಬ್ಬ ಹುಡುಗಿ ಗಿರಗಿರನೆ ತಿರುಗುತ್ತಿದ್ದಾಳೆ, ಉಳಿದಿಬ್ಬರು ಮೊಬೈಲ್ ಹಿಡಿದಿದ್ದಾರೆ. ಹೂವು ತಲೆಯ ಮೇಲೆ ಸರಿಯಾಗಿ ಬೀಳಲಿಲ್ಲವಂತೆ, ಮತ್ತೆ ಜಗ್ಗಿದ. ಮೂರನೇ ಸಲಕ್ಕೆ ನನ್ನಿಂದ ತಡೆಯಲಾಗಲಿಲ್ಲ. "ಕೊಂಬೆ ಮುರಿಯುತ್ತದೆ, ಬಿಡಪ್ಪಾ" ಎಂದೆ. "ಒಂದೇ ನಿಮಿಷ ಆಂಟಿ, ಚೆರ್ರಿ ಬ್ಲಾಸಮ್ ಮುಗಿದುಹೋಗುತ್ತದೆ" ಎಂದ.

ಆಂಟಿ ಎಂದದ್ದಕ್ಕೆ ಸಿಟ್ಟಲ್ಲ. (ಸ್ವಲ್ಪ ಇದೆ.) ಚೆರ್ರಿ ಎಂದದ್ದಕ್ಕೆ! ಅದು ಜಪಾನಿನ ಹೂಮರ. ಈ ಮರ ಮಧ್ಯ ಅಮೆರಿಕದ ಕಡೆಯದು, ಎಲ್ ಸಾಲ್ವಡಾರ್‌ನ ರಾಷ್ಟ್ರೀಯ ವೃಕ್ಷ. ಕುಲ ಕೇಳಿದರೆ ಆಕಾಶಮಲ್ಲಿಗೆಯ ದಾಯಾದಿ. ಜಪಾನಿಗೂ ಇದಕ್ಕೂ ಎಲ್ಲಿಯ ನಂಟು? 1908ರಲ್ಲಿ ಈ ತೋಟಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಊರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂವಿನಲ್ಲಿರಬೇಕು ಎಂದು ಲೆಕ್ಕ ಹಾಕಿ ನೆಡಿಸಿದವರು. ಅಷ್ಟೆಲ್ಲ ಮಾಡಿದ್ದು ನಾವು ಟೋಕಿಯೊ ಎಂದು ಶೀರ್ಷಿಕೆ ಕೊಡಲಿ ಎಂದೇ?

ಐವತ್ತು ಹೆಜ್ಜೆ ಆಚೆಗೆ ಬೂರುಗದ ಮರ. ಒಂದು ಎಲೆಯಿಲ್ಲ, ಮೈತುಂಬ ಕೆಂಪು. ಅದರ ಹೂವು ತೇಲುತ್ತ ಇಳಿಯುವುದಿಲ್ಲ, ದೊಪ್ಪೆಂದು ಬೀಳುತ್ತದೆ. ಒಂದನ್ನು ಎತ್ತಿಕೊಂಡೆ. ಅಂಗೈ ತುಂಬುವಷ್ಟು ದೊಡ್ಡದು, ಐದು ದಪ್ಪ ದಳ, ನಡುವೆ ಕೇಸರದ ಕುಚ್ಚು, ಬುಡದ ಬಟ್ಟಲಿನಲ್ಲಿ ಇನ್ನೂ ಆರದ ಮಕರಂದ, ಅದರಲ್ಲಿ ಸಿಕ್ಕಿಬಿದ್ದ ಎರಡು ಇರುವೆ. ಮೇಲೆ ನೋಡಿದರೆ ಸಂತೆ: ಗೊರವಂಕ, ಪಿಕಳಾರ, ಕಾಗೆ, ಗಿಳಿ, ಅಳಿಲು. ಅವುಗಳ ನಡುವೆ ಚಳಿಗಾಲಕ್ಕೆಂದು ಮಧ್ಯ ಏಷ್ಯಾದ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳ ದಂಡು, ಹಣೆಗೆಲ್ಲ ಪರಾಗ ಮೆತ್ತಿಕೊಂಡು ಕಚ್ಚಾಡುತ್ತಿದೆ. ಬೇಸಿಗೆ ಬಲಿಯುವಷ್ಟರಲ್ಲಿ ಹೊರಟುಹೋಗುತ್ತವೆ. ವಿದೇಶದ್ದೇ ಬೇಕಿದ್ದರೆ ಇಗೋ, ಅಸಲಿ ವಿದೇಶಿಗರು! ಒಂದು ಮೊಬೈಲಾದರೂ ಆ ಕಡೆ ತಿರುಗಬೇಕಲ್ಲ.

"ಹೇಗೋ ಮರ ನೋಡಲು ಬರುತ್ತಾರಲ್ಲ, ಮಾಲ್‌ಗೆ ಹೋಗುವುದಕ್ಕಿಂತ ವಾಸಿ" ಎಂದು ನಿಮ್ಮಲ್ಲಿ ಯಾರಾದರೂ ಬರೆದೇ ಬರೆಯುತ್ತೀರಿ. ಯಾರೆಂದೂ ಗೊತ್ತು. ಸ್ವಾಮೀ, ಸೆಲ್ಫಿ ತೆಗೆಯುವಾಗ ಬೆನ್ನು ಇರುವುದು ಮರದ ಕಡೆಗೆ.

ಒಂದು ಗುಟ್ಟು ಹೇಳಿಬಿಡುತ್ತೇನೆ. ಬಿಸಿಬೇಳೆಬಾತ್ ಪುಡಿಗೆ ನಾನು ಇಷ್ಟು ವರ್ಷ ಹುರಿದು ಹಾಕುತ್ತಿದ್ದ ಮರಾಠಿ ಮೊಗ್ಗು ಈ ಬೂರುಗದ್ದೇ ಎಂದು ತಿಳಿದಾಗ ನನಗೆ ನಲವತ್ತಾರು. ಚಿಕ್ಕಂದಿನಲ್ಲಿ ತಲೆಯಿಟ್ಟು ಮಲಗಿದ್ದ ದಿಂಬಿನೊಳಗಿನ ಅರಳೆಯೂ ಇದರದ್ದೇ. ತಿಂದಿದ್ದೇನೆ, ಮಲಗಿದ್ದೇನೆ, ತಲೆಯೆತ್ತಿ ನೋಡಿರಲಿಲ್ಲ. ಆದರೂ ಹೂವಿಗಾಗಿ ಕೊಂಬೆ ಜಗ್ಗಿದವಳಲ್ಲ, ಅಷ್ಟು ಅಹಂಕಾರ ನನಗಿರಲಿ.

ಸಿಟ್ಟು ಆರದೆ ಆ ಮರದ ಕೆಳಗೇ ನಿಂತು ತಂಗಿಗೆ ಫೋನ್ ಮಾಡಿ, ಜಪಾನ್, ಚೆರ್ರಿ, ಆಂಟಿ ಎಂದು ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ದುರ್ಬೀನು ಹಿಡಿದು ಕುಳಿತಿದ್ದ ಹಿರಿಯರೊಬ್ಬರು ನನ್ನತ್ತ ತಿರುಗಿ, "ಸ್ವಲ್ಪ ಮೆಲ್ಲಗೆ ಮಾತನಾಡಮ್ಮಾ, ಹಕ್ಕಿಗಳೆಲ್ಲ ಹಾರಿಹೋದವು" ಎಂದರು.