ಮನೆಯವರ ಹಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ

ಇವತ್ತು ದಂತ ಚಿಕಿತ್ಸಾಲಯವೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ಅರೆತೆರೆದ ಬಾಗಿಲಿನಾಚೆ ನಡೆದ ಮಾತುಕತೆ ಕಿವಿಗೆ ಬಿತ್ತು. ಕಾಲೇಜು ವಯಸ್ಸಿನ ಹುಡುಗಿಯೊಬ್ಬಳ ಮುಂದಿನ ಹಲ್ಲು ಅಲುಗಾಡುತ್ತಿತ್ತಂತೆ. "ಸರಿಯಾಗಿ ಹಲ್ಲುಜ್ಜುತ್ತೀಯೋ ಇಲ್ಲವೋ, ಸುಳ್ಳು ಹೇಳಬೇಡ" ಎಂದು ವೈದ್ಯರು ಗದರಿದರು. "ನನಗೂ ಮೂವತ್ತು ತುಂಬುವ ಮೊದಲೇ ಹಲ್ಲುಗಳು ಬಿದ್ದಿದ್ದವು ಡಾಕ್ಟ್ರೇ" ಎಂದು ತಾಯಿ ಮೆಲ್ಲಗೆ ಹೇಳಿದರು. ಕುಟುಂಬದೊಳಗೇ ಸುತ್ತುವ ವಸಡಿನ ಕಾಯಿಲೆಯೊಂದಿದೆ; ಅದರ ಅರ್ಧ ರೋಗನಿರ್ಣಯ ಆ ಒಂದು ಮಾತಿನಲ್ಲೇ ಇತ್ತು. ವೈದ್ಯರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬ್ರಷ್ ಹಿಡಿಯುವ ಕ್ರಮದ ಪಾಠ ಮುಂದುವರಿಸಿದರು.

ನಮ್ಮ ಮನೆಯ ಕಥೆ ಬಲ್ಲ ಸ್ನೇಹಿತರಿಗೆ ನನ್ನ ಸಿಟ್ಟಿನ ಕಾರಣವನ್ನು ವಿವರಿಸಬೇಕಾಗಿಲ್ಲ. ಅಮ್ಮ, ಚಿಕ್ಕಮ್ಮ, ನಾನು, ತಮ್ಮ, ಎಲ್ಲರೂ ಇದೇ ಬೈಗುಳ ಕೇಳಿಸಿಕೊಂಡವರೇ. ಹಲ್ಲುಜ್ಜುವುದನ್ನು ಐಚ್ಛಿಕ ವಿಷಯವೆಂದು ಭಾವಿಸಿರುವ ನಮ್ಮ ಭಾವನವರ ಹಲ್ಲುಗಳು ಮಾತ್ರ ಕಲ್ಲಿನಂತಿವೆ. (ಭಾವ, ಇದನ್ನು ಓದುತ್ತಿದ್ದರೆ ಕ್ಷಮೆಯಿರಲಿ.)

ಹದಿಹರೆಯದ ಆಸುಪಾಸಿನಲ್ಲೇ ಕಾಣಿಸಿಕೊಳ್ಳುವ ಈ ವಸಡಿನ ಕಾಯಿಲೆಯ ನಡವಳಿಕೆಯೇ ಬೇರೆ. ಸಾಮಾನ್ಯವಾಗಿ ಅದು ಮೊದಲು ಹಿಡಿಯುವುದು ಆರನೇ ವರ್ಷದ ಸುಮಾರಿಗೆ ಹುಟ್ಟುವ ಮೊದಲ ದವಡೆ ಹಲ್ಲುಗಳನ್ನು ಮತ್ತು ಬಾಚಿಹಲ್ಲುಗಳನ್ನು. ಹಲ್ಲಿನ ಮೇಲೆ ಕಿಟ್ಟ ಹೆಚ್ಚಿರುವುದಿಲ್ಲ, ಎಷ್ಟೋ ಬಾರಿ ವಸಡು ಕೆಂಪಾಗಿಯೂ ಇರುವುದಿಲ್ಲ, ನೋವಂತೂ ಇಲ್ಲವೇ ಇಲ್ಲ. ಒಳಗೆ ಹಲ್ಲನ್ನು ಹಿಡಿದಿಟ್ಟ ಮೂಳೆ ಮಾತ್ರ ವೇಗವಾಗಿ ಕರಗುತ್ತಿರುತ್ತದೆ. ಅಗ್ರಿಗಾಟಿಬ್ಯಾಕ್ಟರ್ ಆ್ಯಕ್ಟಿನೊಮೈಸಿಟೆಮ್‌ಕಾಮಿಟನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದರಲ್ಲಿ ಕೈವಾಡವಿದೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಹಲ್ಲು ಉದುರೀತು. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳನ್ನೇ ಕೊಲ್ಲುವ ವಿಷವನ್ನು ಅದು ಸ್ರವಿಸುತ್ತದೆ. ಒಂದೇ ಮನೆಯಲ್ಲಿರುವವರ ನಡುವೆ ಎಂಜಲಿನ ಮೂಲಕ ಅದು ಹರಡಬಲ್ಲದು; ಅದಕ್ಕೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರಲ್ಲಿ ವಂಶವಾಹಿಗಳ ಪಾತ್ರವೂ ಇದೆ. ಹೀಗೆ ಎರಡು ದಾರಿಯಿಂದಲೂ ಕಾಯಿಲೆ ಕುಟುಂಬದೊಳಗೇ ಸುತ್ತುತ್ತದೆ. ಪ್ಯಾಪಿಲಾನ್–ಲೆಫೆವ್ರ್ ಎಂಬ ವಿರಳ ಕಾಯಿಲೆಯಲ್ಲಾದರೆ ಒಂದೇ ಒಂದು ವಂಶವಾಹಿಯ ದೋಷದಿಂದ ಹಾಲುಹಲ್ಲುಗಳೂ ಅಕಾಲದಲ್ಲಿ ಉದುರಿಹೋಗುತ್ತವೆ. ಆ ಎಳೆಯ ಮಗುವಿಗೂ ಯಾರಾದರೂ ಬ್ರಷ್ ತೋರಿಸಿ ಗದರುತ್ತಾರೆಯೇ?

ತಜ್ಞರಿಗೆ ಇದು ಹೊಸದೇನಲ್ಲ. 2017ರ ಅಂತರರಾಷ್ಟ್ರೀಯ ಸಮಾವೇಶದಲ್ಲಿ ವಸಡಿನ ಕಾಯಿಲೆಗಳನ್ನು ಹೊಸದಾಗಿ ವರ್ಗೀಕರಿಸಿದಾಗ, ಮೂಳೆ ಎಷ್ಟು ಹೋಗಿದೆ ಎಂಬುದರ ಜೊತೆಗೆ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದನ್ನೂ ಅಳೆಯುವ ವ್ಯವಸ್ಥೆಯನ್ನು ತಂದರು. ಅಷ್ಟೆಲ್ಲ ಅಳೆಯಬಲ್ಲವರಿಗೆ "ನಿನಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆಯೇ, ಅವರ ಹಲ್ಲು ಹೇಗಿದೆ?" ಎಂದು ಕೇಳುವುದು ಯಾಕೆ ಕಷ್ಟ?

"ಹಲ್ಲುಜ್ಜಿ ಎನ್ನುವುದರಲ್ಲಿ ತಪ್ಪೇನಿದೆ?" ಎಂದು ಕೆಲವರು ಕೇಳಬಹುದು. ತಪ್ಪಿಲ್ಲ, ಚಿಕಿತ್ಸೆಯ ನಂತರವೂ ಹಲ್ಲುಜ್ಜಲೇಬೇಕು, ಧೂಮಪಾನ ಬಿಡಲೇಬೇಕು. ಆದರೆ ವಸಡಿನೊಳಗೆ ಐದಾರು ಮಿಲಿಮೀಟರ್ ಆಳಕ್ಕೆ ಇಳಿದ ಸಂದಿಗೆ ಬ್ರಷ್‌ನ ಎಳೆಗಳು ತಲುಪುವುದಿಲ್ಲ ಎಂಬುದು ಹೀಗೆ ಕೇಳುವವರಿಗೂ ಗೊತ್ತಿರಬೇಕಲ್ಲವೇ? ಇನ್ನು "ವಂಶದಲ್ಲೇ ಇದ್ದರೆ ಮಾಡುವುದೇನು" ಎಂದು ಕೈಚೆಲ್ಲುವವರ ಮೇಲೆ ನನಗೆ ಇನ್ನಷ್ಟು ಸಿಟ್ಟು. ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಆಳ ಅಳೆದು, ಮೂರು ಮಿಲಿಮೀಟರ್ ದಾಟಿದರೆ ಅನುಮಾನಿಸಿ, ಎಕ್ಸ್-ರೇಯಲ್ಲಿ ಮೂಳೆ ನೋಡುವುದು ನಿಮಿಷಗಳ ಕೆಲಸ. ಬೇಗ ಸಿಕ್ಕರೆ ಬೇರಿನವರೆಗಿನ ಸ್ವಚ್ಛತೆ, ಬೇಕಿದ್ದವರಿಗೆ ಆ್ಯಂಟಿಬಯೋಟಿಕ್, ಆಮೇಲೆ ಕೆಲವು ತಿಂಗಳಿಗೊಮ್ಮೆ ತಪಾಸಣೆ. ಇಷ್ಟರಿಂದಲೇ ಹಲ್ಲುಗಳನ್ನು ದೀರ್ಘಕಾಲ ಉಳಿಸಿಕೊಳ್ಳಬಹುದು. ತಡವಾದರೆ, ಕರಗಿಹೋದ ಮೂಳೆಯಲ್ಲಿ ಬಹುಪಾಲು ಮರಳಿ ಬರುವುದಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಫೋಟೋಗಳಲ್ಲಿ ತುಟಿ ಬಿಗಿದು ನಿಲ್ಲುವುದು ಗಾಂಭೀರ್ಯದಿಂದಲ್ಲ. ಹಲ್ಲಿನ ನಡುವಿನ ಸಂದಿ ಕಂಡರೆ ಕಾಣಲಿ. ಕಂಡವರು ನನ್ನನ್ನು ಕೊಳಕ ಎಂದುಕೊಳ್ಳುತ್ತಾರಲ್ಲ, ಅದನ್ನು ಸಹಿಸಲಾರೆ. ಹುಡುಗನಾಗಿದ್ದಾಗ ನಾನು ಹಲ್ಲುಜ್ಜುವುದನ್ನು ಅಪ್ಪ ಪಕ್ಕದಲ್ಲೇ ನಿಂತು ಕಾವಲು ಕಾಯುತ್ತಿದ್ದರು. ಕಾವಲಿದ್ದಾಗಲೂ ಮೂಳೆ ಕರಗುತ್ತಲೇ ಇತ್ತು.

ತಮ್ಮನ ಮಗಳಿಗೆ ಈಗ ಹನ್ನೊಂದು ವರ್ಷ. ಮೊನ್ನೆ ಅವಳನ್ನು ತಪಾಸಣೆಗೆ ಕರೆದೊಯ್ದಾಗ, "ನೋವಿಲ್ಲದ ಮಗುವನ್ನು ಯಾಕೆ ಕರೆತಂದಿರಿ?" ಎಂಬ ಪ್ರಶ್ನೆಯೇ ಮೊದಲು ಬಂತು. ಅಜ್ಜಿಯಿಂದ ಹಿಡಿದು ಅಪ್ಪನವರೆಗೆ ಎಲ್ಲರ ಹಲ್ಲಿನ ಲೆಕ್ಕವನ್ನು ನಾವೇ ಒಪ್ಪಿಸಿದ ಮೇಲೆ ಎಕ್ಸ್-ರೇ ತೆಗೆದರು. ಸದ್ಯಕ್ಕೆ ಮೂಳೆ ಗಟ್ಟಿಯಾಗಿದೆ. ಮುಂದಿನ ವರ್ಷ ಮತ್ತೆ ಹೋಗುತ್ತೇವೆ, ಅವರು ಕೇಳಲಿ, ಬಿಡಲಿ.