ಹೆಬ್ಬೆಟ್ಟು

"ಮೆಸೇಜ್ ಹಾಕಿದ್ದೀನಿ ಸಾರ್, ಡಾಕ್ಟ್ರು ಇನ್ನೂ ನೋಡಿಲ್ಲ." ಬೆಳಗ್ಗೆ ಹತ್ತಕ್ಕೆ ಹೀಗೆಂದ ಸಿಸ್ಟರ್ ಹನ್ನೆರಡಕ್ಕೂ ಅದನ್ನೇ ಹೇಳಿದರು. ಅಪ್ಪ ಆಗಲೇ ಪಂಚೆ ಉಟ್ಟು, ಕೈಯಲ್ಲಿ ಡ್ರಿಪ್ಪಿನ ಕ್ಯಾನ್ಯುಲಾ ಇರುವಂತೆಯೇ ಮನೆಗೆ ಹೊರಟು ಕೂತಿದ್ದರು.

ಸಿಸ್ಟರ್ ಪಾಪ, ಮೊಬೈಲನ್ನೇ ತಿರುಗಿಸಿ ತೋರಿಸಿದರು. ವಾರ್ಡಿನ ವಾಟ್ಸಾಪ್ ಗ್ರೂಪು. ಮೇಲೆ ಯಾರದೋ ಪೊಟ್ಯಾಸಿಯಂ ರಿಪೋರ್ಟು. ಅದರ ಕೆಳಗೆ ಹುಟ್ಟುಹಬ್ಬದ ಕೇಕು, ಆಮೇಲೆ ಸೂರ್ಯ ಹುಟ್ಟುವ ಶುಭೋದಯ. ಅದಕ್ಕೂ ಕೆಳಗೆ ನಮ್ಮಪ್ಪ. ಹೆಸರಿಲ್ಲ, ಸುಮ್ನೆ 'ಬೆಡ್ 14'. ಪಕ್ಕದಲ್ಲಿ ಎರಡು ಬೂದು ಟಿಕ್ಕು. 2014ರಲ್ಲಿ ಈ ಟಿಕ್ಕಿಗೆ ನೀಲಿ ಬಣ್ಣ ಬಂದಾಗಿನಿಂದ ಕಾಯುವವರ ಪಾಡು ಇನ್ನೂ ಕೆಟ್ಟಿದೆ.

ಇದೇ ವಾಟ್ಸಾಪಿನಲ್ಲಿ ಹಳ್ಳಿಯ ಇಸಿಜಿ ತರಿಸಿಕೊಂಡು ಜೀವ ಉಳಿಸುವವರೂ ಇದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅದಕ್ಕೆಂದೇ ಗ್ರೂಪು ಕಟ್ಟಿದರು. ಗೊತ್ತು. ಆದರೆ ಊಟದ ಹೊತ್ತಿನಲ್ಲಿ ನನಗೆ ಯಾರೂ ನ್ಯಾಯ ಹೇಳಬೇಡಿ.

ನಮ್ಮ ಸೋದರಮಾವ ವಾರ್ಡ್ ಬಾಯ್ ಆಗಿದ್ದ ಕಾಲದಲ್ಲಿ ಇದಕ್ಕೆಲ್ಲ ಇದ್ದದ್ದು ಕಾಲ್ ಬುಕ್. ಸಿಸ್ಟರ್ ಅದರಲ್ಲಿ ಬೆಡ್ ನಂಬರು, ತೊಂದರೆ, ಹೊತ್ತು ಬರೆದುಕೊಟ್ಟರೆ, ಮಾವ ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಕ್ವಾರ್ಟರ್ಸಿಗೆ ಹೊರಡಬೇಕು. ಡಾಕ್ಟರು ಕಣ್ಣುಜ್ಜಿಕೊಂಡು ಸಹಿ ಹಾಕಿ, ಟೈಮು ಬರೆಯಬೇಕು. ನೋಡಲಿಲ್ಲ ಅನ್ನೋ ಮಾತೇ ಇಲ್ಲ. ಮಾವನಿಗೆ ಡಾಕ್ಟರಿಗಿಂತ ಅವರ ನಾಯಿಯ ಭಯವೇ ಜಾಸ್ತಿ.

ಒಂದು ರಾತ್ರಿ ಕ್ವಾರ್ಟರ್ಸಿಗೆ ಬೀಗ. ಡಾಕ್ಟರು ಸೆಕೆಂಡ್ ಶೋಗೆ ಹೋಗಿದ್ದರು. ಮಾವ ಸೀದಾ ಟಾಕೀಸಿಗೆ ನುಗ್ಗಿ, ಆಪರೇಟರನ ಕಾಲು ಹಿಡಿದು ಸ್ಲೈಡ್ ಹಾಕಿಸಿದ: 'ಡಾಕ್ಟರು ಕೂಡಲೇ ಆಸ್ಪತ್ರೆಗೆ ಬರಬೇಕು.' ಹೆಸರು ಬರೆಯುವುದು ಮರೆತಿತ್ತು. ಮೂವರು ಎದ್ದರು. ಅವರಲ್ಲಿ ಒಬ್ಬರು ದನದ ಡಾಕ್ಟರು. ಮೂವರೂ ಒಂದೇ ಜೀಪಿನಲ್ಲಿ ಹೋದರಂತೆ, ರೋಗಿ ಬದುಕಿದನಂತೆ, ಯಾರಿಂದ ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಮಾವ ಮಾತ್ರ ಖಾಲಿಯಾದ ಬಾಲ್ಕನಿ ಸೀಟಿನಲ್ಲಿ ಕೂತು ಮಿಕ್ಕ ಸಿನಿಮಾ ಮುಗಿಸಿಕೊಂಡು ಬಂದ. ಕಾಲ್ ಬುಕ್ ಅಲ್ಲೇ ಬಿಟ್ಟು ಬಂದದ್ದಕ್ಕೆ ಮೆಮೋ ಸಿಕ್ಕಿತು.

ಒಂದೂವರೆಗೆ ಟಿಣ್ ಅಂತು. "ಸಾರ್ ನೋಡಿದ್ರು!" ಅಂತ ಸಿಸ್ಟರ್ ಓಡಿ ಬಂದರು. ಗ್ರೂಪಿನಲ್ಲಿ ಸಿಸ್ಟರ್ ಕೇಳಿದ್ದು: 'ಬೆಡ್ 14 ಇವತ್ತು ಡಿಸ್ಚಾರ್ಜಾ, ನಾಳೆನಾ?' ಕೆಳಗೆ ಉತ್ತರ: ಒಂದು ಹಳದಿ ಹೆಬ್ಬೆಟ್ಟು. ಹತ್ತು ವರ್ಷ ಓದಿದವರು ಒತ್ತಿದ್ದು.

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಹೆಬ್ಬೆಟ್ಟು ನೋಡಿದೆ.

"ಏನಂತೆ?" ಅಂದರು ಅಪ್ಪ, ಚಪ್ಪಲಿ ಹುಡುಕುತ್ತಾ.