ಇಲಿಗೊಂದು ಬಿಲ, ನಿಮಗೊಂದು ಬಿಲ್

ಕಾರಿನ ಟೈರಿಗೆ ನೈಟ್ರೋಜನ್ ತುಂಬಿಸಿಕೊಂಡು ಬಂದೆ ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ನನ್ನ ಗ್ಯಾರೇಜಿನ ಹಳೇ ಕಂಪ್ರೆಸರ್ ಇಷ್ಟು ವರ್ಷ ಅದನ್ನೇ ಪುಕ್ಕಟೆ ತುಂಬುತ್ತಿತ್ತು. ಪಾಪ, ಅದಕ್ಕೆ ಗೊತ್ತಿರಲಿಲ್ಲ. ಉಳಿದ 22 ಪಾಲನ್ನು ಆಚೆ ಹಾಕಿಸಲು ಜನ ಟೈರಿಗೆ ಇಷ್ಟು ಅಂತ ದುಡ್ಡು ಎಣಿಸುತ್ತಾರೆ. "ವಿಮಾನದ ಟೈರಿಗೂ ಇದನ್ನೇ ಹಾಕೋದು ಕಣ್ರೀ" ಅಂದರು ಒಬ್ಬರು. ಹಾಕುತ್ತಾರೆ, ಸುಳ್ಳಲ್ಲ. ವಿಮಾನ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಬಂದು ನೆಲ ಮುಟ್ಟುತ್ತದೆ. ಇವರ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ.

ನಾನು ಬೆಂಗಳೂರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು. ಮೇಲೆ ಶೀಟು, ಕೆಳಗೆ ಆಯಿಲ್ ಕುಡಿದ ನೆಲ. ಸ್ಪೇರ್ ಬೇಕಾದರೆ ಹುಡುಗ ಜೆ.ಸಿ. ರೋಡಿಗೆ ಓಡುತ್ತಾನೆ. ಇತ್ತೀಚೆಗೆ ನನ್ನ ಹತ್ರ ಕಾರಿಗಿಂತ ಮೊದಲು ಬಿಲ್ ಬರುತ್ತಿದೆ. ಗಾಜಿನ ಗೋಡೆಯ ಸರ್ವಿಸ್ ಸೆಂಟರಿನಲ್ಲಿ ಕೊಟ್ಟ ಮೂರು ಪುಟದ ಬಿಲ್ಲನ್ನು ಮಡಚಿ ತಂದು, "ಸ್ವಲ್ಪ ನೋಡಿ ಹೇಳಿ, ಏನ್ ಮಾಡಿದಾರೆ ಇವ್ರು?" ಅನ್ನುತ್ತಾರೆ. ದುಡ್ಡು ಕಟ್ಟಿ ಆದ ಮೇಲೆ ಕೇಳುವ ಪ್ರಶ್ನೆ ಇದು.

ಎಂಜಿನ್ ಡ್ರೆಸ್ಸಿಂಗ್ ಅಂತ ಒಂದು ಸಾಲಿರುತ್ತದೆ. ಗಾಬರಿ ಬೇಡ, ಎಂಜಿನ್‌ಗೆ ಗಾಯವೇನೂ ಆಗಿಲ್ಲ. ಬಾನೆಟ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳಗಳಿಗೆ ಹೊಳಪು ಬರುವ ಸ್ಪ್ರೇ ಹೊಡೆದಿದ್ದಾರೆ. ಮುಚ್ಚಳ ಫಳಫಳ ಅನ್ನುತ್ತದೆ, ಅದರ ಪಕ್ಕದಲ್ಲೇ ಬೆಲ್ಟು ಬಿರುಕು ಬಿಟ್ಟು ಕೂತಿರುತ್ತದೆ. ಮುಂದಿನ ಸಾಲು ಎಸಿ ಡಿಸ್‌ಇನ್ಫೆಕ್ಷನ್. ಮೊನ್ನೆ ಅದನ್ನು ಮಾಡಿಸಿಕೊಂಡು ಬಂದ ಕಾರಿನಲ್ಲಿ ಗಾಳಿಯೇ ಸರಿಯಾಗಿ ಬರುತ್ತಿರಲಿಲ್ಲ. ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದೆ. ಮಡಿಕೆ ಮಡಿಕೆಯಲ್ಲೂ ಕಪ್ಪು ಧೂಳು, ಒಣಗಿದ ಹೊಂಗೆ ಎಲೆ, ಯಾವುದೋ ಹಕ್ಕಿಯ ಪುಕ್ಕ. ಡಿಸ್‌ಇನ್ಫೆಕ್ಷನ್ ಆಗಿದ್ದು ಬಿಲ್ಲಿಗೆ ಮಾತ್ರ. ಫಿಲ್ಟರ್ ಬದಲಾಯಿಸಿಲ್ವಾ ಅಂತ ಕೇಳಿದ್ದಕ್ಕೆ ಯಜಮಾನರು, "ಅದು ಈ ಪ್ಯಾಕೇಜಲ್ಲಿ ಬರಲ್ವಂತೆ" ಅಂದರು.

ಇಲಿಯ ಕಥೆ ಬಿಡುವ ಹಾಗಿಲ್ಲ. ಈ ಊರಿನ ಇಲಿಗಳಿಗೆ ಬಾನೆಟ್ ಕೆಳಗಿನ ಜಾಗ ಬಲು ಇಷ್ಟ. ಬೆಚ್ಚಗಿರುತ್ತದೆ, ಮಳೆ ಬೀಳುವುದಿಲ್ಲ, 10 ತಿಂಗಳ ಅಡ್ವಾನ್ಸ್ ಕೇಳುವವರಿಲ್ಲ. ಊಟಕ್ಕೆ ವೈರು. ನಿವೃತ್ತ ಮೇಷ್ಟ್ರೊಬ್ಬರ ಕಾರಿನ ಒಂದು ಹೆಡ್‌ಲೈಟ್ ಉರಿಯುವುದು ನಿಂತಿತು. ಸೆಂಟರಿನವರು ಎಸ್ಟಿಮೇಟ್ ಕೊಟ್ಟರು: ವೈರಿಂಗ್ ಹಾರ್ನೆಸ್ ಅಸೆಂಬ್ಲಿ, ಅಂದರೆ ವೈರುಗಳ ಇಡೀ ಕಟ್ಟು, ಪೂರ್ತಿ ಚೇಂಜ್, 42,000 ರೂಪಾಯಿ, ಪಾರ್ಟ್ ಬರಲು ಮೂರು ವಾರ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಆ ಎಸ್ಟಿಮೇಟ್ ಕೌಂಟರ್ ತೋರಿಸುತ್ತೇನೆ.

ಕಡಿದಿದ್ದು ಎರಡು ವೈರು. ಎರಡರ ತುದಿಯನ್ನೂ ಸುಲಿದೆ, ತಾಮ್ರಕ್ಕೆ ತಾಮ್ರ ಹೊಸೆದು ಬೆಸುಗೆ ಹಾಕಿದೆ, ಮೇಲೆ ಸ್ಲೀವ್ ಸರಿಸಿ ಬಿಸಿ ಗಾಳಿ ಕೊಟ್ಟೆ. ಅದು ಚರ್ಮದ ಹಾಗೆ ಅಂಟಿಕೊಂಡಿತು. ಲೈಟು ಉರಿಯಿತು. 600 ರೂಪಾಯಿ ಅಂದೆ. ಮೇಷ್ಟ್ರ ಮುಖ ಸಪ್ಪಗಾಯಿತು. "ಇಷ್ಟೇನಾ? ಕಂಪ್ಯೂಟರಿಗೆ ಹಾಕಿ ನೋಡ್ಲೇ ಇಲ್ವಲ್ಲ?" 42,000ದ ಕಾಯಿಲೆ 600ಕ್ಕೆ ವಾಸಿಯಾದರೆ ಯಾರಿಗೆ ತಾನೇ ನಂಬಿಕೆ ಬರುತ್ತದೆ ಹೇಳಿ.

ಸೆಂಟರಿನ ಹುಡುಗರಿಗೆ ಬೆಸುಗೆ ಹಾಕಲು ಬರುವುದಿಲ್ಲ ಅಂತಲ್ಲ. ಅವರಲ್ಲಿ ಎಷ್ಟೋ ಜನ ನಮ್ಮಂಥ ಗ್ಯಾರೇಜಿನಲ್ಲೇ ಸ್ಪ್ಯಾನರ್ ಹಿಡಿದವರು. ತೊಂದರೆ ಬೇರೆ. ಬೆಸುಗೆಗೆ ಪಾರ್ಟ್ ನಂಬರ್ ಇಲ್ಲ. ಪಾರ್ಟ್ ನಂಬರ್ ಇಲ್ಲದ ಕೆಲಸವನ್ನು ಅಲ್ಲಿನ ಕಂಪ್ಯೂಟರ್ ಕೆಲಸ ಅಂತಲೇ ಒಪ್ಪುವುದಿಲ್ಲ. ಹಾಗಾಗಿ ಒಂದು ರಬ್ಬರ್ ಬುಷ್ ಹೋದರೆ ಅದು ಕೂತಿರುವ, ಚಕ್ರ ಹಿಡಿದಿಡುವ ಇಡೀ ಲೋವರ್ ಆರ್ಮ್, ಮಿರರ್ ಒಳಗಿನ ಮೋಟರ್ ಹೋದರೆ ಇಡೀ ಮಿರರ್. ನಮ್ಮವರೇನೂ ಸಾಚಾಗಳಲ್ಲ ಬಿಡಿ. ಡೂಪ್ಲಿಕೇಟ್ ಬ್ರೇಕ್ ಪ್ಯಾಡ್ ಹಾಕಿ ಒರಿಜಿನಲ್ ಡಬ್ಬ ತೋರಿಸುವವರು ನನ್ನ ಬೀದಿಯಲ್ಲೇ ಇದ್ದಾರೆ. ಆದರೆ ಅವರು ಕೂರಿಸಿ ಕಾಫಿ ಕೊಟ್ಟು ಮೋಸ ಮಾಡುವುದಿಲ್ಲ.

"ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತೆ ಸರ್" ಅನ್ನುವುದು ಸೆಂಟರಿನಲ್ಲಿ ಗಿರಾಕಿ ಜೊತೆ ಮಾತಾಡುವ ಸರ್ವಿಸ್ ಅಡ್ವೈಸರ್‌ಗಳ ಕೊನೆಯ ಅಸ್ತ್ರ. 2014ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸೇರಿಸಿ 2,544 ಕೋಟಿ ರೂಪಾಯಿ ದಂಡ ಹಾಕಿತು. ಸ್ಪೇರ್ ಪಾರ್ಟು, ದೋಷ ಹುಡುಕುವ ಉಪಕರಣ ಎರಡೂ ನಮ್ಮಂಥವರಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ದೂರು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನಬಾರದು, ಹೊರಗಿನವನ ಕೆಟ್ಟ ಕೆಲಸದಿಂದ ಆದ ಹಾನಿಗೆ ಬೇಕಾದರೆ ಇಲ್ಲ ಅನ್ನಿ ಎಂದೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಆ ಆದೇಶದ ಹೊತ್ತಿನಲ್ಲಿ ನನ್ನ ಹತ್ರ ಟೀ ತರುತ್ತಿದ್ದ ಹುಡುಗ ಈಗ ಸ್ವಂತ ಗ್ಯಾರೇಜು ಹಾಕಿ, ಅವನಿಗೊಬ್ಬ ಟೀ ತರುವ ಹುಡುಗ ಬಂದಿದ್ದಾನೆ. ಅಡ್ವೈಸರ್ ಬಾಯಲ್ಲಿ ಮಾತ್ರ ಅದೇ ವಾರಂಟಿ.

ಸರ್ಕಾರವೂ ಕೈ ಕಟ್ಟಿ ಕೂತಿಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ ಅಂತ, ರಿಪೇರಿ ಹಕ್ಕಿಗೆಂದೇ, ಅಂದರೆ ಕೊಂಡ ವಸ್ತುವನ್ನು ನಮಗೆ ಬೇಕಾದ ಕಡೆ ರಿಪೇರಿ ಮಾಡಿಸುವ ಹಕ್ಕಿಗೆ, ಒಂದು ಪೋರ್ಟಲ್ ತೆರೆಯಿತು. ಅಲ್ಲಿ ಏನು ಸಿಗುತ್ತದೆ ಗೊತ್ತಾ? ಕಂಪನಿಯ ಸರ್ವಿಸ್ ಸೆಂಟರ್‌ಗಳ ವಿವರವೂ ಸಿಗುತ್ತದೆ! ತಪ್ಪಿಸಿಕೊಂಡು ಬಂದವನಿಗೆ ವಾಪಸ್ ಹೋಗುವ ದಾರಿಯನ್ನು ಇಷ್ಟು ಪ್ರೀತಿಯಿಂದ ಯಾರು ತೋರಿಸುತ್ತಾರೆ?

ನನ್ನ ಟೇಬಲ್ ಮೇಲೆ ಆನ್‌ಲೈನಲ್ಲಿ ತರಿಸಿದ ಒಂದು ಸ್ಕ್ಯಾನರ್ ಇದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಕೋಡ್ ತೋರಿಸುತ್ತದೆ, ಮೂಡು ಕೆಟ್ಟ ದಿನ ಚೀನೀ ಅಕ್ಷರವನ್ನೂ ತೋರಿಸುತ್ತದೆ. ರೋಗ ಗೊತ್ತಾಗುತ್ತದೆ. ಆದರೆ ಹೊಸ ಕಾರುಗಳಲ್ಲಿ ಕೆಲವು ಭಾಗ ಬದಲಾಯಿಸಿದ ಮೇಲೆ ಕಂಪನಿಯ ಸಾಫ್ಟ್‌ವೇರ್ ಹೂಂ ಅನ್ನಬೇಕು. ಇಲ್ಲವಾದರೆ ಕಾರು ಆ ಭಾಗವನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ದುಡ್ಡು ಕೊಟ್ಟು ಕೊಂಡ ಪಾರ್ಟು, ದುಡ್ಡು ಕೊಟ್ಟು ಕೊಂಡ ಕಾರು. ಒಪ್ಪಿಗೆ ಮಾತ್ರ ಇನ್ನೊಬ್ಬರದು.

ಇಷ್ಟಕ್ಕೂ ಯಜಮಾನರು ಏನು ಕಮ್ಮಿ? ಎಷ್ಟು ಕಿಲೋಮೀಟರಿಗೆ ಯಾವ ಆಯಿಲ್ ಅಂತ ಕಂಪನಿಯೇ ಪುಸ್ತಕದಲ್ಲಿ ಅಚ್ಚು ಹಾಕಿಸಿ ಕೊಟ್ಟಿದೆ. ಅದು ಡ್ಯಾಶ್‌ಬೋರ್ಡಿನಲ್ಲಿ, ಹಳೇ ಟೋಲ್ ಚೀಟಿಗಳ ಕೆಳಗೆ, ಪ್ಲಾಸ್ಟಿಕ್ ಕವರೂ ಬಿಚ್ಚದೆ ಮಲಗಿರುತ್ತದೆ. ಪುಸ್ತಕದಲ್ಲಿ ಎಲ್ಲೂ ಇಲ್ಲದ ಎಂಜಿನ್ ಫ್ಲಶ್‌ಗೆ, ಅಂದರೆ ಎಂಜಿನ್ ಒಳಗೆ ತೊಳೆಯುವುದಕ್ಕೆ, ಅಡ್ವೈಸರ್ ಟ್ಯಾಬ್ ಹಿಡಿದರೆ ಸಾಕು, ಬೆರಳಲ್ಲಿ ಸಹಿ. ಆಯುಧಪೂಜೆಗೆ ನಾಲ್ಕು ನಿಂಬೆಹಣ್ಣು ಇಡುತ್ತಾರೆ, ಆ ನಿಂಬೆಹಣ್ಣಿನ ಮೇಲೆ ಹತ್ತುವ ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ಬಗ್ಗಿ ನೋಡುವುದಿಲ್ಲ. ಓ ಮರೆತೆ, ಗಾಳಿಯಲ್ಲ, ನೈಟ್ರೋಜನ್.

ಕಾರು ಮನೆಗೆ ಬಂದ ಮೇಲೆ ಸೆಂಟರಿನ ಅಡ್ವೈಸರ್ ಹುಡುಗನ ಫೋನ್ ಶುರು. "ಸರ್, ಕಂಪನಿಯಿಂದ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ಸೊನ್ನೆ ಲೆಕ್ಕ ಸರ್, ನಮ್ಮ ಇನ್ಸೆಂಟಿವ್ ಹೋಗುತ್ತೆ." ಎಸ್‌ಎಸ್‌ಎಲ್‌ಸಿಯಲ್ಲೂ ಇಷ್ಟು ಧಾರಾಳ ಇಲ್ಲ. ಬಾಗಿಲಿನ ಕಿರಿಕಿರಿ ಸದ್ದು ಹಾಗೇ ಇದ್ದರೂ ಜನ ಹತ್ತು ಕೊಡುತ್ತಾರೆ. ಆ ಹುಡುಗನ ಹೊಟ್ಟೆಪಾಡು, ಪಾಪ, ಅಂತ.

ಅದೇ ಹುಡುಗ ಭಾನುವಾರ ತನ್ನ ಹಳೇ ಕಾರು ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಾನೆ. "ಅಣ್ಣಾ, ಕ್ಲಚ್ ನೋಡಿ. ನಮ್ಮಲ್ಲಿ ಬಿಟ್ರೆ ಗೊತ್ತಲ್ಲ." ಮಾಡಿಕೊಟ್ಟೆ. 500 ರೂಪಾಯಿ ಬಾಕಿ ಹೇಳಿ ಹೊರಟವನು ತಿರುಗಿ ಬಂದ. "ನಿಮ್ಮ ಮೇಷ್ಟ್ರಿಗೆ ನಮ್ಮ ಕಡೆಯಿಂದ ಕಾಲ್ ಹೋಗುತ್ತೆ ಅಣ್ಣಾ. ಎಸ್ಟಿಮೇಟ್ ಕೊಟ್ಟಿದ್ದು ನಾನೇ. ಸ್ವಲ್ಪ ಹೇಳಿ, ಹತ್ತಕ್ಕೆ ಹತ್ತು ಕೊಡಿಸಿ."